ಆಫರ್ ಲೆಟರ್‌ನಲ್ಲಿ 'ಪ್ರೊ' ಎಂದು ಶುರುವಾಗುವ ಈ 6 ಪದಗಳ ಅರ್ಥ ಗೊತ್ತಾ? ಸಹಿಗೆ ಮುನ್ನ ಓದಿ

ತಿರುವನಂತಪುರದ ಕಳಕ್ಕೂಟಂನಲ್ಲಿ 1990ರಲ್ಲಿ ಆರಂಭವಾದ ಟೆಕ್ನೋಪಾರ್ಕ್, ಕೊಚ್ಚಿಯ ಕಾಕ್ಕನಾಡಿನಲ್ಲಿರುವ ಇನ್ಫೋಪಾರ್ಕ್ ಕೇರಳದ ದೊಡ್ಡ ಐಟಿ ಕೇಂದ್ರಗಳು. ಇಲ್ಲಿ ಕೆಲಸ ಸಿಕ್ಕರೆ ಕೈಗೆ ಬರುವ ಪತ್ರ ಇಂಗ್ಲಿಷ್‌ನಲ್ಲೇ ಇರುತ್ತದೆ. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿರಲಿ, ಬೆಂಗಳೂರಿನಿಂದ ಹೋಗುವವರಿರಲಿ, ಪಿ-ಆರ್-ಒ ಅಕ್ಷರಗಳಿಂದ ಶುರುವಾಗುವ ಈ ಪದಗಳಲ್ಲಿ ಗೊಂದಲವಾಗುವುದು ಸಹಜ.

1. ಪ್ರೊವಿಷನಲ್: ತಾತ್ಕಾಲಿಕ, ಷರತ್ತಿಗೆ ಒಳಪಟ್ಟದ್ದು ಎಂದರ್ಥ. ಪದವಿ ಪ್ರಮಾಣಪತ್ರ, ಹಿನ್ನೆಲೆ ಪರಿಶೀಲನೆಯಂಥ ಷರತ್ತುಗಳು ಪೂರ್ತಿಯಾಗುವವರೆಗೆ ಕೆಲಸ ಖಚಿತವಲ್ಲ.

2. ಪ್ರೊಬೇಷನ್: ಪರೀಕ್ಷಾರ್ಥ ಅವಧಿ. ಇಲ್ಲಿ ನೀವು ಈಗಾಗಲೇ ಉದ್ಯೋಗಿ, ಆದರೆ ಖಾಯಂ ಆಗಿಲ್ಲ. ಅವಧಿ ಮುಗಿದ ಮಾತ್ರಕ್ಕೆ ಖಾಯಂ ಆಗುತ್ತೀರಾ, ಲಿಖಿತ ಆದೇಶ ಬೇಕಾ ಎಂಬುದನ್ನು ಪತ್ರದಲ್ಲೇ ನೋಡಿಕೊಳ್ಳಿ.

3. ಪ್ರೊ ರೇಟಾ: 'ಅನುಪಾತಕ್ಕೆ ತಕ್ಕಂತೆ' ಎಂಬ ಅರ್ಥದ ಲ್ಯಾಟಿನ್ ಪದ. ತಿಂಗಳ ಸಂಬಳ 30,000 ರೂಪಾಯಿ ಎಂದುಕೊಳ್ಳಿ. 30 ದಿನಗಳ ತಿಂಗಳಲ್ಲಿ 16ರಂದು ಸೇರಿದರೆ ಆ ತಿಂಗಳಿಗೆ 15,000 ರೂಪಾಯಿ ಲೆಕ್ಕ.

4. ಪ್ರಾವಿಡೆಂಟ್ ಫಂಡ್: ಭವಿಷ್ಯ ನಿಧಿ. ಸಾಮಾನ್ಯವಾಗಿ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ.12ರಷ್ಟು ನಿಮ್ಮಿಂದ, ಅಷ್ಟೇ ಪಾಲು ಕಂಪನಿಯಿಂದ. ಕಂಪನಿಯ ಪಾಲನ್ನೂ ನಿಮ್ಮ ವಾರ್ಷಿಕ ಪ್ಯಾಕೇಜ್‌ನೊಳಗೇ ಸೇರಿಸಿದ್ದಾರಾ ಎಂದು ಕೇಳಿ.

5. ಪ್ರೊಫೆಷನ್ ಟ್ಯಾಕ್ಸ್: ವೃತ್ತಿ ತೆರಿಗೆ. ಸಂವಿಧಾನದ ಪ್ರಕಾರ ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ಕರ್ನಾಟಕದಲ್ಲಿ ಸಂಬಳದಾರರಿಗೆ ತಿಂಗಳ ಲೆಕ್ಕದಲ್ಲಿ ಕಡಿತವಾದರೆ, ಕೇರಳದಲ್ಲಿ ಪಂಚಾಯಿತಿ, ನಗರಸಭೆಗಳಂಥ ಸ್ಥಳೀಯ ಸಂಸ್ಥೆಗಳು ಆರು ತಿಂಗಳ ಲೆಕ್ಕದಲ್ಲಿ ವಸೂಲಿ ಮಾಡುತ್ತವೆ.

6. ಪ್ರೊಪ್ರೈಟರಿ: ಮಾಲೀಕತ್ವಕ್ಕೆ ಸೇರಿದ್ದು. ಕೆಲಸದ ಭಾಗವಾಗಿ ನೀವು ಬರೆದ ಕೋಡ್‌ಗೂ ಇದು ಅನ್ವಯ. ಬೇರೆ ಒಪ್ಪಂದ ಇಲ್ಲದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಅದರ ಮೊದಲ ಹಕ್ಕುದಾರ ಕಂಪನಿಯೇ. ಮನೆಗೆ ಕಾಪಿ ಮಾಡಿಕೊಂಡು ಹೋದರೆ ತೊಂದರೆ ಗ್ಯಾರಂಟಿ.

ಮುಖ್ಯವಾಗಿ ನೆನಪಿಡಿ: ಹೆಚ್ಚು ಎಡವಟ್ಟಾಗುವುದು ಮೊದಲೆರಡು ಪದಗಳಲ್ಲಿ. ಪ್ರೊಬೇಷನ್ ಎಂದರೆ ಕೆಲಸ ಸಿಕ್ಕಿದೆ, ಪರೀಕ್ಷೆ ಬಾಕಿ ಇದೆ. ಪ್ರೊವಿಷನಲ್ ಎಂದರೆ ಕೆಲಸವೇ ಇನ್ನೂ ಪಕ್ಕಾ ಆಗಿಲ್ಲ. ಹಾಗಾಗಿ ಪತ್ರದಲ್ಲಿ ಪ್ರೊವಿಷನಲ್ ಎಂದಿದ್ದರೆ, ಅಂತಿಮ ನೇಮಕಾತಿ ಪತ್ರ ಕೈಸೇರುವವರೆಗೆ ಈಗಿರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಅರ್ಥವಾಗದ ಪದ ಕಂಡರೆ ಎಚ್‌ಆರ್ ವಿಭಾಗಕ್ಕೆ ಇಮೇಲ್ ಮಾಡಿ, ಉತ್ತರವನ್ನು ಲಿಖಿತವಾಗಿಯೇ ಪಡೆಯಿರಿ.