ಕ್ಲಚ್ಚು ಎಷ್ಟು ಬಿಗಿಯಾಗಿರಬೇಕು?

ಸ್ಪೋರ್ಟ್ಸ್ ಕಾರಿನ ಕ್ಲಚ್ಚು ಸವೆದಾಗ, ಪಂದ್ಯದ ಕಾರುಗಳ ಬಿಗಿಯಾದ ಕ್ಲಚ್ಚಿಗೆ ತರುಣರು ಮನಸೋಲುವುದುಂಟು. ಅದು ಅವಶ್ಯಕವೇ? ಜಪಾನಿನ ಮಾಜ್ದಾ ಸಂಸ್ಥೆಯು 1989ರಲ್ಲಿ ಹೊರತಂದ ಎಂಎಕ್ಸ್-5 ಕಾರನ್ನು ತೆಗೆದುಕೊಳ್ಳೋಣ. ಅದರ 1.6 ಲೀಟರಿನ ಎಂಜಿನ್ನು ಹೆಚ್ಚೆಂದರೆ ಸುಮಾರು 136 ನ್ಯೂಟನ್-ಮೀಟರಿನಷ್ಟು ತಿರುಚುಬಲವನ್ನು ಕೊಡಬಲ್ಲದು.

ಕ್ಲಚ್ಚಿನ ಬಿಲ್ಲೆಯು ಫ್ಲೈವೀಲಿಗೂ ಒತ್ತುಫಲಕಕ್ಕೂ ನಡುವೆ ಸಿಕ್ಕಿ, ಕೇವಲ ಘರ್ಷಣೆಯಿಂದ ಈ ಬಲವನ್ನು ಸಾಗಿಸುತ್ತದೆ. ಘರ್ಷಣಾಂಕ, ಒತ್ತುವ ಬಲ, ಸರಾಸರಿ ತ್ರಿಜ್ಯ, ಉಜ್ಜುವ ಮೈಗಳ ಸಂಖ್ಯೆ, ಇವುಗಳ ಗುಣಲಬ್ಧವೇ ಅದರ ಸಾಮರ್ಥ್ಯ. ಇವು ಕ್ರಮವಾಗಿ 0.3, 4000 ನ್ಯೂಟನ್, 0.085 ಮೀಟರ್ ಮತ್ತು 2 ಎಂದು ಭಾವಿಸಿದರೆ 204 ನ್ಯೂಟನ್-ಮೀಟರ್ ದೊರೆಯುತ್ತದೆ. ಎಂಜಿನ್ನಿನ ಬಲದ ಒಂದೂವರೆ ಪಟ್ಟು! ಮಾರ್ಪಡಿಸದ ಎಂಜಿನ್ನಿಗೆ ಇದು ಧಾರಾಳವಾಗಿ ಸಾಕು.

ಸ್ಪ್ರಿಂಗನ್ನು ಇನ್ನೂ ಬಿರುಸಾಗಿಸಿದರೆ ಪೆಡಲು ತುಳಿಯುವ ಕಾಲು ದಣಿಯುತ್ತದೆ. ಪ್ರತಿಯೊಂದು ತುಳಿತದ ನೂಕನ್ನೂ ಎಂಜಿನ್ನಿನೊಳಗಿನ ಬೇರಿಂಗು ತಾಳಬೇಕಾಗುತ್ತದೆ. ಲೋಹ ಮಿಶ್ರಿತ ಪಿಂಗಾಣಿಯ ಹೊದಿಕೆಯಾದರೋ ಕಾವನ್ನು ಚೆನ್ನಾಗಿ ಸಹಿಸುವುದು ನಿಜ. ಆದರೆ ಅದು ಥಟ್ಟನೆ ಕಚ್ಚಿಕೊಂಡು, ಪೇಟೆಯ ಸಂದಣಿಯಲ್ಲಿ ಕಾರನ್ನು ಕುಪ್ಪಳಿಸುತ್ತದೆ. ಮೆಲ್ಲಗೆ ಜಾರುತ್ತ ಹಿಡಿಯುವುದೂ ಕ್ಲಚ್ಚಿನ ಕೆಲಸವೆಂಬುದನ್ನು ನಾವು ಮರೆಯುತ್ತೇವೆ.

ಆದುದರಿಂದ ಮೂಲ ಅಳತೆಯ ಸಾಧಾರಣ ಬಿಲ್ಲೆಯೇ ಲೇಸು. ಗೇರುಪೆಟ್ಟಿಗೆಯನ್ನು ಇಳಿಸಿದಾಗಲೇ ಎಂಜಿನ್ನಿನ ಹಿಂಬದಿಯಿಂದ ಎಣ್ಣೆ ಒಸರುತ್ತಿದೆಯೇ ಎಂದೂ ನೋಡಬೇಕು. ಎಣ್ಣೆ ತಗುಲಿದರೆ ಘರ್ಷಣಾಂಕವು ಕುಸಿದು, ನಮ್ಮ 204 ಕಾಗದದ ಮೇಲೆಯೇ ಉಳಿದೀತು.