ಫ್ಲೂ ವೈರಾಣು: ಜೀವಕೋಶದ ಒಳಗೂ ಹೊರಗೂ

ವೈರಾಣುವಿಗೆ ಸ್ವಂತ ಕಾರ್ಖಾನೆಯಿಲ್ಲ. ನಮ್ಮ ಜೀವಕೋಶದೊಳಗೆ ಹೊಕ್ಕೇ ಅದು ತನ್ನ ಪ್ರತಿಗಳನ್ನು ತಯಾರಿಸಬೇಕು. ಫ್ಲೂ ವೈರಾಣುವಿನ ಹೊರಮೈಯಲ್ಲಿರುವ ಹೀಮಾಗ್ಲುಟಿನಿನ್ ಎಂಬ ಪ್ರೋಟೀನು ಶ್ವಾಸನಾಳದ ಕೋಶಗಳ ಮೇಲಿನ ಸಿಯಾಲಿಕ್ ಆಮ್ಲಕ್ಕೆ ಅಂಟಿಕೊಳ್ಳುತ್ತದೆ. ಕೋಶವು ಅದನ್ನು ಪುಟ್ಟ ಚೀಲವೊಂದರಲ್ಲಿ ಒಳಗೆಳೆದುಕೊಳ್ಳುತ್ತದೆ. ಅಲ್ಲಿ ಆಮ್ಲತೆ ಹೆಚ್ಚಿದಾಗ ಎರಡರ ಪೊರೆಗಳೂ ಬೆಸೆದು, ವೈರಾಣುವಿನ ಆರ್‌ಎನ್‌ಎ ಕೋಶಕೇಂದ್ರವನ್ನು ಸೇರುತ್ತದೆ. ಸ್ವಾರಸ್ಯವೆಂದರೆ, ಹೊಸ ವೈರಾಣುಗಳು ಹೊರಡುವಾಗಲೂ ಅದೇ ಸಿಯಾಲಿಕ್ ಆಮ್ಲಕ್ಕೆ ಸಿಕ್ಕಿಕೊಳ್ಳುತ್ತವೆ! ಅವನ್ನು ಬಿಡಿಸುವುದು ನ್ಯೂರಾಮಿನಿಡೇಸ್ ಎಂಬ ಕಿಣ್ವ. 2009ರ ಎಚ್1ಎನ್1 ಪಿಡುಗಿನಲ್ಲಿ ಹೆಸರಾದ ಒಸೆಲ್ಟಾಮಿವಿರ್ ಔಷಧವು ತಡೆಯುವುದು ಈ ಕಿಣ್ವವನ್ನೇ. ವೈರಾಣು ಕೋಶದಿಂದ ಕೋಶಕ್ಕೆ ಹರಡಿಬಿಟ್ಟ ಮೇಲೆ ತಡೆದರೆ ಪ್ರಯೋಜನ ಅಲ್ಪ. ಆದ್ದರಿಂದಲೇ ರೋಗಲಕ್ಷಣ ಕಂಡ 48 ಗಂಟೆಗಳೊಳಗೆ ಆರಂಭಿಸುವುದು ಉತ್ತಮ. ಅಂಗಡಿಯಲ್ಲಿ ಕೊಂಡ ಆಂಟಿಬಯೋಟಿಕ್ ಮಾತ್ರೆ ವೈರಾಣುವಿಗೆ ನಾಟುವುದಿಲ್ಲ. ಜ್ವರ, ಕೆಮ್ಮು ಕಾಣಿಸಿಕೊಂಡ ಕೆಲಸಗಾರರನ್ನು ಮಾಲೀಕರು ಮೊದಲ ದಿನವೇ ರಜೆ ಕೊಟ್ಟು ವೈದ್ಯರಲ್ಲಿಗೆ ಕಳುಹಿಸುವುದು ಲೇಸು.