ದೋಣಿಯ ಕೀಲು ಬಿಡಿಸಲು ಬಿದ್ರಿಯ ಪಾಠ

ಬೀದರಿನ ಲೋಹಕಲೆಯಾದ ಬಿದ್ರಿಯ ಹೂಜಿಯ ಒಡಲು ಬಹುಪಾಲು ಸತು. 16 ಪಾಲು ಸತುವಿಗೆ ಸುಮಾರು 1 ಪಾಲು ತಾಮ್ರ. ಮೇಲಿನ ಹೂಬಳ್ಳಿ ಬೆಳ್ಳಿಯದು. ಬೀದರ್ ಕೋಟೆಯ ಮಣ್ಣನ್ನೂ ನವಸಾಗರವನ್ನೂ ನೀರಲ್ಲಿ ಕಲಸಿ ಹಚ್ಚಿದರೆ ಒಡಲು ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಇರುತ್ತದೆ. ಸತು ಬೇಗ ಎಲೆಕ್ಟ್ರಾನ್ ಬಿಟ್ಟುಕೊಡುವ ಲೋಹ, ಬೆಳ್ಳಿ ಬಿಗಿಹಿಡಿಯುವ ಲೋಹ. ಹಳೆಯ ದೋಣಿಯ ಡೆಕ್ಕನ್ನು ಒಡಲಿನಿಂದ ಬೇರ್ಪಡಿಸಲು ಹೊರಟವರಿಗೆ ಎದುರಾಗುವ ತೊಡಕಿನ ಮೂಲವೂ ಲೋಹಗಳ ಈ ಗುಣಭೇದವೇ.

ಫೈಬರ್‌ಗ್ಲಾಸ್ ದೋಣಿಯ ಒಡಲು, ಡೆಕ್ ಎರಡನ್ನೂ ಬೇರೆ ಬೇರೆ ಅಚ್ಚಿನಲ್ಲಿ ತೆಗೆದು, ಅಂಚಿಗೆ ಅಂಟು ಹಾಕಿ ಬೋಲ್ಟ್ ಬಿಗಿಯುತ್ತಾರೆ. ಎಷ್ಟೋ ದೋಣಿಗಳಲ್ಲಿ ಅಂಚಿನ ಪಟ್ಟಿ ಅಲ್ಯೂಮಿನಿಯಂ, ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲ್. ನಡುವೆ ಉಪ್ಪುನೀರು ಇಳಿದರೆ ಅದೇ ಒಂದು ಪುಟ್ಟ ಬ್ಯಾಟರಿ. ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವ ಆ ಪುಡಿ ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ. ಬಲ ಹಾಕಿ ತಿರುಗಿಸಿದರೆ ತಲೆ ಮುರಿಯುತ್ತದೆ.

ಹಡಗಿನವರು ಈ ಗುಣವನ್ನು ರಕ್ಷಣೆಗೂ ಬಳಸಿಕೊಂಡಿದ್ದಾರೆ. ಬ್ರಿಟಿಷ್ ಯುದ್ಧನೌಕೆಗಳ ತಾಮ್ರದ ಹೊದಿಕೆ ಉಳಿಸಲು ಸತು ಅಥವಾ ಕಬ್ಬಿಣದ ತುಂಡು ಜೋಡಿಸಬಹುದೆಂದು ಹಂಫ್ರಿ ಡೇವಿ 1824ರಲ್ಲಿ ತೋರಿಸಿದರು. ಇಂದಿಗೂ ಕಡಲಿನ ಉಕ್ಕಿನ ಹಡಗುಗಳ ತಳಕ್ಕೆ ಸತುವಿನ ಗಟ್ಟಿ ಕಟ್ಟುತ್ತಾರೆ. ಅದು ತಾನು ಸವೆದು ಉಕ್ಕನ್ನು ಕಾಯುತ್ತದೆ. ಆದರೆ ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯ, ಔರಾದ್ ಕಡೆಯ ಮಾಂಜ್ರಾ ನದಿಯಂಥ ಸಿಹಿನೀರಿನಲ್ಲಿ ವಿದ್ಯುತ್ ಅಷ್ಟು ಸುಲಭವಾಗಿ ಹರಿಯುವುದಿಲ್ಲ. ಸತುವಿನ ಮೇಲೆ ಪದರ ಕಟ್ಟಿ ಅದು ಜಡವಾಗುವುದೂ ಉಂಟು. ಅಲ್ಲಿಗೆ ಮೆಗ್ನೀಸಿಯಂ ಸೂಕ್ತ.

ಹಳೆಯ ದೋಣಿಯ ಕೀಲಿನಲ್ಲಿ ಲೋಹ ಹೀಗೆ ಸವೆದು ಕಚ್ಚಿಕೊಂಡಿರಬಹುದು, ಹಾಗಾಗಿ ಡೆಕ್ ಎತ್ತುವ ಮೊದಲು ಕೀಲನ್ನು ಓದಬೇಕು. ಬೋಲ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಉಣಿಸಿ ದಿನಗಟ್ಟಲೆ ಬಿಡಬೇಕು, ಆಮೇಲೆ ಹದವಾಗಿ ಕಾಯಿಸಬೇಕು. ಪಾಲಿಯೆಸ್ಟರ್ ರಾಳ 100 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಮೆದುವಾಗಬಹುದು, ಆದ್ದರಿಂದ ಬಿಸಿಗೆ ಮಿತಿ ಇರಲಿ. ಹಠ ಬಿಡದ ಬೋಲ್ಟನ್ನು ಕೊರೆದು ತೆಗೆಯುವುದೇ ಲೇಸು. ಬ್ಯುಟೈಲ್ ಅಂಟು ವರ್ಷಗಳಾದರೂ ಮೆತ್ತಗಿದ್ದು ಬಿಟ್ಟುಕೊಡುತ್ತದೆ. ಪಾಲಿಯುರೆಥೇನ್ ಅಂಟನ್ನು ಎಳೆದರೆ ಫೈಬರಿನ ಪದರವೇ ಕಿತ್ತು ಬರಬಹುದು. ಅದನ್ನು ತೆಳು ಅಲಗಿನಿಂದ ಇಂಚಿಂಚಾಗಿ ಕೊಯ್ಯಬೇಕು.

ಒಳಗಿನ ಅಡ್ಡಗೋಡೆಗಳು, ವೈರುಗಳು ಡೆಕ್ಕಿಗೆ ಅಂಟಿರುವುದನ್ನು ಮರೆಯಬಾರದು. ಡೆಕ್ ಹೋದ ಒಡಲು ಮುಚ್ಚಳ ತೆಗೆದ ರಟ್ಟಿನ ಪೆಟ್ಟಿಗೆಯಂತೆ ಬಿಗಿ ಕಳೆದುಕೊಳ್ಳುತ್ತದೆ. ಎತ್ತುವ ಮೊದಲೇ ಅಡ್ಡಪಟ್ಟಿ ಬಿಗಿದು, ತಳಕ್ಕೆ ಆಕಾರಕ್ಕೊಪ್ಪುವ ತೊಟ್ಟಿಲು ಕೊಟ್ಟು, ಅಗಲಗಳನ್ನು ಅಳೆದಿಡಬೇಕು. ಇಲ್ಲವಾದರೆ ಡೆಕ್ ಮತ್ತೆ ಕೂರುವುದಿಲ್ಲ.

ಡೆಕ್ಕಿನ ಪದರಗಳ ನಡುವೆ ಹಗುರವಾದ ಬಾಲ್ಸಾ ಮರವಿದ್ದರೆ, ಸ್ಕ್ರೂ ತೂತಿನಿಂದ ಇಳಿದ ನೀರು ಅದನ್ನು ಕೊಳೆಸಿರಬಹುದು. ಇಷ್ಟು ಶ್ರಮ ಸಾರ್ಥಕವಾಗುವುದು ಆ ಹಾನಿ ಕಣ್ಣಿಗೆ ಬಿದ್ದಾಗ. ಮತ್ತೆ ಜೋಡಿಸುವಾಗ ಎರಡು ಲೋಹಗಳ ನಡುವೆ ವಿದ್ಯುತ್ ಹರಿಯದ ಪದರ ಇಡಿ, ಬಿಡಿಸಬಹುದಾದ ಅಂಟನ್ನೇ ಆರಿಸಿ. ಬಿಚ್ಚಲು ಬರುವ ಕೀಲಿನ ದೋಣಿಯನ್ನು ಮುಂದಿನ ತಲೆಮಾರೂ ದುರಸ್ತಿ ಮಾಡಿಕೊಳ್ಳಬಲ್ಲದು.